ಮೊಮ್ಮಗಳ ಬ್ಯಾಟರಿಗೆ ನಾನು ಹಚ್ಚಿದ ಮೀನೆಣ್ಣೆ

ನಾನು ಮೂರನೇ ಇಯತ್ತೆಯವರೆಗೆ ಕಲಿತವನು. ಬರೆಯುವುದು ನನ್ನ ಕಸುಬಲ್ಲ. ಆದರೆ ಮೊಮ್ಮಗಳು ಕಾರಿಗೆ ಬ್ಯಾಟರಿ ಜೋಡಿಸಿದ ಆ ಒಂದು ವಾರವನ್ನು ಬರೆದಿಡದೆ ಹೋದರೆ ನನಗೆ ಸಮಾಧಾನವಿಲ್ಲ. ಬಾಯಲ್ಲಿ ಹೇಳುವುದು ಬೇಕಾದಷ್ಟು ಆಗಿದೆ. ಅಂಕೋಲೆಯ ಬಸ್ಸಿನಲ್ಲಿ ಈಗ ನನ್ನನ್ನು ಕಂಡರೆ ಗುರುತಿನವರು ಬೇರೆ ಸೀಟು ಹುಡುಕುತ್ತಾರೆ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ನನ್ನ ಮಗಳು, ಅಳಿಯ ಕಾರವಾರದ ಹಬ್ಬುವಾಡದಲ್ಲಿದ್ದರು. ಅಳಿಯನ ಹಳೆಯ ಸಣ್ಣ ಕಾರಿನ ಎಂಜಿನ್ ಪೂರ್ತಿ ಕೈಕೊಟ್ಟಿತ್ತು. ಅವನು ಅದನ್ನು ಗುಜರಿಗೆ ಹಾಕಲು ಹೊರಟಾಗ ಮೊಮ್ಮಗಳು ಅಡ್ಡ ನಿಂತಳು. ಅವಳು ಡಿಪ್ಲೊಮಾ ಮುಗಿಸಿ ಮಲ್ಲಾಪುರದಲ್ಲಿ ಒಬ್ಬ ಕಂತ್ರಾಟುದಾರನ ಕೈಕೆಳಗೆ ವೈರಿಂಗ್ ಕೆಲಸ ಮಾಡುತ್ತಿದ್ದಳು. ಎಂಜಿನ್ ಕಿತ್ತು ಮೋಟಾರು ಕೂರಿಸುತ್ತೇನೆ, ಬ್ಯಾಟರಿಯಲ್ಲೇ ಓಡಿಸುತ್ತೇನೆ ಅಂದಳಂತೆ. ಅಳಿಯ ನಕ್ಕನಂತೆ. ಹಬ್ಬುವಾಡದ ಮನೆಯಲ್ಲಿ ಜಾಗವಿರಲಿಲ್ಲ. ಕಾರನ್ನು ಟೆಂಪೋಕ್ಕೆ ಕಟ್ಟಿ ಎಳೆದು ತಂದು ಅಂಕೋಲೆಯ ಹತ್ತಿರದ ನಮ್ಮೂರು ಭಾವಿಕೇರಿಯಲ್ಲಿ, ನಾನು ಹಿಂದೆ ದೋಣಿ ಇಡುತ್ತಿದ್ದ ಮಾಡಿನ ಕೆಳಗೆ ನಿಲ್ಲಿಸಿದರು.

ರಜೆ ಸಿಕ್ಕಾಗಲೆಲ್ಲ ಬಂದು ಎಂಟು ತಿಂಗಳು ದುಡಿದಳು. ಮೋಟಾರು ಕೂತಿತು. ಉಳಿದದ್ದು ಬ್ಯಾಟರಿ ಕೆಲಸ. ಅಷ್ಟರಲ್ಲಿ ಅಳಿಯನ ತಾಳ್ಮೆ ಮುಗಿದಿತ್ತು. ಬರುವ ಭಾನುವಾರದೊಳಗೆ ಗಾಲಿ ತಿರುಗಲಿಲ್ಲವೆಂದರೆ ಗುಜರಿಯವನನ್ನು ಕರೆಸುತ್ತೇನೆಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ಇವಳು ವಾರ ಪೂರ್ತಿ ರಜೆ ಹಾಕಿ ನಮ್ಮಲ್ಲಿಗೆ ಬಂದಳು.

ಬ್ಯಾಟರಿಯೆಂದರೆ ಒಂದಲ್ಲ, ಇಪ್ಪತ್ತನಾಲ್ಕು. ದಪ್ಪ ಪುಸ್ತಕದಷ್ಟು ದೊಡ್ಡ ಹಳದಿ ಡಬ್ಬಿಗಳು. ಒಂದರ ತಲೆಯಿಂದ ಇನ್ನೊಂದರ ತಲೆಗೆ ತಾಮ್ರದ ಪಟ್ಟಿ ಹಾಕಿ ನಟ್ಟು ಬಿಗಿಯುವುದು. ಆಮೇಲೆ ಪ್ರತಿಯೊಂದಕ್ಕೂ ಒಂದು ಸಪೂರ ವೈರು. ಎಲ್ಲ ವೈರುಗಳೂ ಹೋಗಿ ಸೇರುವುದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಸಿರು ಹಲಗೆಗೆ. ಆ ಹಲಗೆ ಎಂತಕ್ಕೆ ಎಂದು ಕೇಳಿದೆ.

"ಅಜ್ಜಾ, ರಂಪಣಿ ಎಳೂವಾಗ ತಂಡೇಲ ಎಂತ ಮಾಡ್ತಿದ್ದ?" ಅಂದಳು.

ರಂಪಣಿ ಎಂದರೆ ದಂಡೆಯಿಂದ ಐವತ್ತು ಅರವತ್ತು ಜನ ಸೇರಿ ಎಳೆಯುವ ದೊಡ್ಡ ಬಲೆ. ತಂಡೇಲ ಅದರ ಮುಖ್ಯಸ್ಥ. ಅವನು ಹಗ್ಗ ಮುಟ್ಟುತ್ತಿರಲಿಲ್ಲ. ಯಾರ ಕೈ ಸಡಿಲವಾಯಿತು, ಯಾರು ಹೆಚ್ಚು ಎಳೆದರು ಎಂದು ನೋಡುತ್ತ ನಿಲ್ಲುತ್ತಿದ್ದ. ಒಂದು ಬದಿ ಮುಂದಾದರೆ ಕೂಗಿ ನಿಲ್ಲಿಸುತ್ತಿದ್ದ. ಈ ಹಲಗೆಯೂ ಹಾಗೆಯೇ ಅಂತೆ. ಇಪ್ಪತ್ತನಾಲ್ಕರಲ್ಲಿ ಯಾವುದು ತುಂಬಿತು, ಯಾವುದು ಬಳಲಿತು ಎಂದು ಒಂದೊಂದನ್ನೂ ನೋಡುತ್ತದೆ. ಒಂದು ಮಿತಿ ಮೀರಿದರೂ ಕರೆಂಟನ್ನೇ ನಿಲ್ಲಿಸುತ್ತದೆ. ಪ್ರತಿಯೊಂದರ ಹೆಸರಿಗೂ ಹಲಗೆಯ ಮೇಲೆ ಸಾಸಿವೆಯಷ್ಟು ದೊಡ್ಡ ದೀಪ. ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು.

ಅರವತ್ತು ಜನರನ್ನು ಕಾಯಲು ನಮ್ಮ ತಂಡೇಲನ ಗಂಟಲು ಹರಿದುಹೋಗುತ್ತಿತ್ತು. ಈ ಹಲಗೆಗೆ ಬಾಯಿಯೇ ಇಲ್ಲ. ನಾನು ಅದನ್ನು ಎಷ್ಟು ಹೊತ್ತು ನೋಡುತ್ತ ಕೂತೆನೋ ತಿಳಿಯದು.

ವೈರು ಕೂರಿಸುವಾಗ ಅವಳು ಉಸಿರು ಬಿಡುವುದನ್ನೂ ಮರೆತಂತಿದ್ದಳು. ಒಂದೊಂದಕ್ಕೂ ನಂಬರಿನ ಚೀಟಿ ಕಟ್ಟಿ, ಮೀಟರು ಹಿಡಿದು ನೋಡಿ, ಪಟ್ಟಿಯಲ್ಲಿ ಗುರುತು ಹಾಕಿ, ಆಮೇಲೆಯೇ ಮುಂದಿನದು. ಒಂದು ವೈರು ಪಕ್ಕದ ಡಬ್ಬಿಗೆ ಹೋದರೂ ಹಲಗೆ ಸುಟ್ಟುಹೋಗುತ್ತದೆ, ಪರದೇಶದಿಂದ ಇನ್ನೊಂದು ಬರಲು ಎರಡು ತಿಂಗಳು ಬೇಕು ಎಂದಳು. ಬಲೆ ಕಟ್ಟುವವರ ಮನೆಯ ಕೈ ಅದು. ಒಂದು ಕಣ್ಣೂ ತಪ್ಪಲಿಲ್ಲ.

ತಪ್ಪಿದ್ದು ನಾನು.

ಗುರುವಾರ ಮಧ್ಯಾಹ್ನ ಅವಳು ಎಂತದೋ ಸ್ಕ್ರೂ ತರಲು ಅಂಕೋಲೆ ಪೇಟೆಗೆ ಹೋಗಿದ್ದಳು. ನಾನು ತಾಮ್ರದ ಪಟ್ಟಿಗಳನ್ನು ನೋಡಿದೆ. ಹೊಳೆಯುವ ಹೊಸ ತಾಮ್ರ, ಸಮುದ್ರದ ಗಾಳಿ. ನಾಲ್ಕು ತಿಂಗಳಲ್ಲಿ ಹಸಿರು ಹಿಡಿಯುತ್ತದೆ. ದೋಣಿಯ ಯಾವ ಲೋಹವನ್ನೂ ನಾವು ಎಣ್ಣೆ ಕಾಣಿಸದೆ ಕೂರಿಸಿದವರಲ್ಲ. ಬೋಲ್ಟು ಹಾಕುವ ಮೊದಲು ಅಡಿಗೆ ತಾರ್ಲೆ ಮೀನಿನ ಎಣ್ಣೆ ಬಳಿದೇ ಬಿಗಿಯುವುದು. ಶೀಶೆಯಲ್ಲಿ ಸ್ವಲ್ಪ ಉಳಿದಿತ್ತು. ಕಿಡಿ ಹಾರದಂತೆ ಅವಳು ಹೇಳಿಕೊಟ್ಟ ಹಾಗೆಯೇ ಉಂಗುರ ತೆಗೆದಿಟ್ಟು, ಟೇಪು ಸುತ್ತಿದ ಪಾನಾ ಹಿಡಿದು, ಒಂದೊಂದೇ ನಟ್ಟು ಬಿಚ್ಚಿ, ಪಟ್ಟಿಯ ಅಡಿಗೆ ಎಣ್ಣೆ ಸವರಿ ಮತ್ತೆ ಬಿಗಿದೆ. ಉಪಕಾರ ಮಾಡಿದೆ ಎಂದುಕೊಂಡು ಊಟಕ್ಕೆ ಹೋದೆ. ಸಂಜೆ ಅವಳಿಗೆ ಹೇಳಲು ಮರೆತೆ.

ಶುಕ್ರವಾರ ಬೆಳಿಗ್ಗೆ ಹಲಗೆಗೆ ಜೀವ ಕೊಟ್ಟಳು. ಇಪ್ಪತ್ತನಾಲ್ಕೂ ಹಸಿರು! ನಾನು ಕೈ ಮುಗಿದೆ. ಚಾರ್ಜಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಎಡಗಡೆಯ ದೀಪಗಳು ಕೆಂಪಾದವು. ಹಲಗೆ ಕರೆಂಟು ನಿಲ್ಲಿಸಿತು. ಅವಳು ಒಂದೊಂದು ವೈರನ್ನೂ ಮೊದಲಿನಿಂದ ತಪಾಸು ಮಾಡಿದಳು. ಎಲ್ಲ ಸರಿ. ಮತ್ತೆ ಹಾಕಿದಳು, ಮತ್ತೆ ಕೆಂಪು. ಸಂಜೆಯವರೆಗೂ ಅದೇ. ಅನ್ನ ಮುಟ್ಟಲಿಲ್ಲ.

ಶನಿವಾರ ಬೆಳಿಗ್ಗೆ ಮತ್ತೊಮ್ಮೆ ಹಾಕಿ ನೋಡಿ, ಎಡಗಡೆಯ ಡಬ್ಬಿಗಳೇ ಹಾಳು, ತರಿಸುವಾಗಲೇ ಕೆಟ್ಟು ಬಂದಿವೆ, ಇನ್ನು ನನ್ನಿಂದ ಆಗುವುದಿಲ್ಲ ಎಂದಳು. ಮೊಬೈಲು ತೆಗೆದು ಅಪ್ಪನ ನಂಬರು ಒತ್ತತೊಡಗಿದಳು. ಅವಳ ಕೆನ್ನೆ ಒದ್ದೆಯಾಗಿತ್ತು.

ಆಗಲೇ ನನ್ನ ಹೆಂಡತಿ ಚಹ ಹಿಡಿದು ಬಂದಳು. ಹಿಂದೆಯೇ ಮನೆಯ ಬೆಕ್ಕು. ಬೆಕ್ಕು ನೆಟ್ಟಗೆ ಕಾರಿನ ಹತ್ತಿರ ಹೋಗಿ, ಬ್ಯಾಟರಿ ಪೆಟ್ಟಿಗೆಯ ಕಡೆ ಮೂಗು ಎತ್ತಿ ಕೂಗತೊಡಗಿತು. ಹೆಂಡತಿಯೂ ಮೂಗು ಎಳೆದಳು.

"ಇದ್ರೊಳಗೆ ತಾರ್ಲೆ ಎಂತಕ್ಕೆ ಬೇಯ್ತದೆ?" ಅಂದಳು.

ಎಡಗಡೆ! ನಾನು ಎಣ್ಣೆ ಸವರಿದ್ದು ಎಡಗಡೆಯಿಂದಲೇ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರು ಗುಜರಿಗೆ ಹೋಗುತ್ತಿತ್ತು, ಅಷ್ಟೆ. ಆ ಯೋಚನೆ ಬಂದದ್ದು ಸುಳ್ಳಲ್ಲ.

"ತಂಗೀ, ಫೋನು ಇಡು," ಅಂದೆ. "ಡಬ್ಬಿ ಹಾಳಾಗಲಿಲ್ಲ. ಹಾಳು ಮಾಡಿದ್ದು ನಾ."

ಎಲ್ಲ ಹೇಳಿದೆ. ಅವಳು ನನ್ನನ್ನೇ ನೋಡಿದಳು.

"ಎಷ್ಟಕ್ಕೆ ಹಚ್ಚಿದೆ ಅಜ್ಜಾ?"

"ಏಳಕ್ಕೆ. ಅಷ್ಟಕ್ಕೆ ಎಣ್ಣೆ ಮುಗೀತು."

"ಮುಗ್ದದ್ದು ದೇವರ ದಯೆ," ಎಂದಳು ಹೆಂಡತಿ.

ಮೊಮ್ಮಗಳು ಪಾನಾ ಎತ್ತಿಕೊಂಡಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಪಟ್ಟಿಗೂ ಬ್ಯಾಟರಿಗೂ ನಡುವೆ ಎಣ್ಣೆ ಅಂಟಿನಂತೆ ಒಣಗಿ ಕುಳಿತರೆ ಕರೆಂಟು ಅಲ್ಲೇ ಸಿಕ್ಕಿಹಾಕಿಕೊಂಡು ಬಿಸಿಯಾಗುತ್ತದೆ, ಹಲಗೆಗೆ ಲೆಕ್ಕ ತಪ್ಪಿ ಕಾಣುತ್ತದೆ ಎಂದು ಕೆಲಸ ಮಾಡುತ್ತಲೇ ಹೇಳಿದಳು. ಒಂದೊಂದೇ ಬಿಚ್ಚಿ ಥಿನ್ನರಿನಲ್ಲಿ ಒರೆಸಿ, ಪಾಲಿಶ್ ಪೇಪರಿನಿಂದ ಉಜ್ಜಿ ಬಿಗಿದಳು. ಏಳನೆಯದಕ್ಕೆ ಬಂದಾಗ ಪಾನಾವನ್ನು ನನ್ನ ಕೈಗೆ ಕೊಟ್ಟಳು.

"ಹಸಿರು ಹಿಡೀತದೆ ಅಂದದ್ದು ಖರೇ ಅಜ್ಜಾ. ನಾ ಅದ್ನ ಯೋಚ್ನೆನೇ ಮಾಡ್ಲಿಲ್ಲ. ಬಿಗ್ದ ಮೇಲೆ ಹೊರಗಿಂದ ಗ್ರೀಸ್ ಹಚ್ಚಬೇಕು. ಒಳಗಲ್ಲ, ಹೊರಗೆ."

ಹಚ್ಚಿದೆ. ಇಪ್ಪತ್ತನಾಲ್ಕಕ್ಕೂ ನಾನೇ ಹಚ್ಚಿದೆ. ಮತ್ತೆ ಚಾರ್ಜಿಗೆ ಹಾಕಿದಳು. ನಾವು ಮೂವರೂ ಚಾಪೆ ಹಾಸಿಕೊಂಡು ದೀಪಗಳ ಎದುರು ಕೂತೆವು. ಒಂದು ಗಂಟೆ, ಎರಡು ಗಂಟೆ. ಒಂದೂ ಕೆಂಪಾಗಲಿಲ್ಲ. ಇಷ್ಟು ವರ್ಷ ಕತ್ತಲ ಸಮುದ್ರದಲ್ಲಿ ದಂಡೆಯ ದೀಪ ಹುಡುಕಿದವನು ನಾನು. ಯಾವ ದೀಪವನ್ನೂ ಅಷ್ಟು ಭಯಭಕ್ತಿಯಿಂದ ನೋಡಿದವನಲ್ಲ. ನನ್ನ ಮಗಳ ಹೊಟ್ಟೆಯಲ್ಲಿ ಹುಟ್ಟಿದ ಮಗು ಹಾಳಾದ ಕಾರಿನೊಳಗೆ ಇಂಥದ್ದೊಂದು ಕಾವಲು ಕೂರಿಸಿದಳಲ್ಲ ಎಂದು ಎದೆ ತುಂಬಿ ಬಂತು.

ಭಾನುವಾರ ಹತ್ತು ಗಂಟೆಗೆ ಅಳಿಯ ಬಂದ. ಗುಜರಿಯವನಿಗೆ ಮಧ್ಯಾಹ್ನ ಬರಲು ಹೇಳಿದ್ದಾನಂತೆ. ಮೊಮ್ಮಗಳು ಅವನಿಗೆ ಮುಂದಿನ ಬಾಗಿಲು ತೆರೆದಳು. ನಾನು ಹಿಂದೆ ಹತ್ತಿದೆ. ಅವಳು ಚಾವಿ ತಿರುಗಿಸಿದಳು. ಏನೂ ಕೇಳಲಿಲ್ಲ. ಬದುಕೆಲ್ಲ ದೋಣಿಯ ಎಂಜಿನ್ ಬಡಿತದಲ್ಲಿ ಕಳೆದ ನನ್ನ ಕಿವಿಗೆ ತೆಂಗಿನ ಗರಿಯ ಸದ್ದು, ಅದರಾಚೆ ತೆರೆಯ ಸದ್ದು ಕೇಳುತ್ತಿತ್ತು.

ಅಳಿಯ ಗಡಿಯಾರ ನೋಡಿಕೊಂಡ. "ಸ್ಟಾರ್ಟ್ ಆಗೂದಾದ್ರೆ ಆಗ್ಲಿ ಮಗಾ. ಎಷ್ಟೊತ್ತು ಕಾಯೂದು?" ಅಂದ.

"ಹೊರಗೆ ನೋಡಪ್ಪಾ," ಅಂದಳು.

ನಮ್ಮ ಬೇಲಿ ಹಿಂದೆ ಹೋಗುತ್ತಿತ್ತು. ಅಳಿಯ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡ. ರಸ್ತೆಗೆ ಬಂದ ಮೇಲೆ ಜೇಬಿನಿಂದ ಮೊಬೈಲು ತೆಗೆದು, ಬರುವುದು ಬೇಡ ಎಂದು ಗುಜರಿಯವನಿಗೆ ಮೆಲ್ಲಗೆ ಹೇಳಿದ.