ನೀರ್ ಬಂತು, ಡಾಕ್ಟ್ರಮ್ಮ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ನಾಲ್ಕು ತಿಂಗಳಾದರೂ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಲೇ ಇದ್ದೇನೆ. ಮೊನ್ನೆ ಮೊಟ್ಟೆ ಅಂಗಡಿಯವನು, "ಖಾಲಾ, ಇದು ಐದನೇ ಸಲ ಹೇಳ್ತಿರೋದು" ಎಂದ. ಐದಾದರೇನು, ಐವತ್ತಾದರೇನು! ನಾಲ್ಕನೇ ಕ್ಲಾಸಿಗೆ ಬಿಟ್ಟ ಕನ್ನಡವನ್ನು ಮತ್ತೆ ಹಿಡಿದು ಬರೆಯಲು ಕೂತದ್ದೂ ಈ ಖುಷಿ ಹೊಟ್ಟೆಯಲ್ಲಿ ನಿಲ್ಲದೆ. ಒತ್ತು, ದೀರ್ಘ ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಿ, ನನಗೆ ಪುರಸೊತ್ತಿಲ್ಲ.

ನಮ್ಮದು ಶಿವಾಜಿನಗರದ ಒಂದು ಗಲ್ಲಿ. ಎರಡು ಆಟೋ ಎದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕು, ಅಷ್ಟು ಅಗಲ. ಮನೆಯೊಳಗಿನ ಮಾತು ದಖ್ನಿ, ಅಂದರೆ ಈ ಕಡೆಯ ಉರ್ದು. ಮಗಳು ಉರ್ದು ಶಾಲೆಯಲ್ಲಿ ಓದಿದವಳು, ಕನ್ನಡ ಅರ್ಧಂಬರ್ಧ. ನಾನು ಚಿಕ್ಕಂದಿನಿಂದ ಹಲಸೂರಿನ ಸೀರೆ ಅಂಗಡಿಗಳಿಗೆ ಫಾಲ್ಸ್ ಹೊಲಿದುಕೊಟ್ಟು, ಅಲ್ಲಿನ ಹೆಂಗಸರ ಜೊತೆ ಹರಟಿ ಹರಟಿ ಕನ್ನಡ ಗಟ್ಟಿ ಮಾಡಿಕೊಂಡವಳು. ಹೀಗಾಗಿ ಬ್ಯಾಂಕಾಗಲಿ, ರೇಷನ್ ಅಂಗಡಿಯಾಗಲಿ, ನಮ್ಮ ಮನೆಯ ಬಾಯಿ ನಾನೇ.

ಮಗಳು ಏಳನೇ ತಿಂಗಳಲ್ಲಿ ನನ್ನ ಮನೆಗೆ ಬಂದಳು. ಅದು ಅವಳ ಎರಡನೇ ಬಸಿರು. ಮೊದಲನೆಯದು ಏಳರಲ್ಲೇ ಹೋಗಿತ್ತು. ಆಗ ಮೈ ಸರಿಯಿಲ್ಲವೆಂದು ದೊಡ್ಡಾಸ್ಪತ್ರೆಗೆ ಹೋದೆವು. ಸಾಲು ಗೇಟಿನವರೆಗೂ ಇತ್ತು. "ನಾಳೆ ಬೇಗ ಬರೋಣ" ಎಂದು ವಾಪಸ್ಸು ಕರೆತಂದವಳು ನಾನು. ಆ ನಾಳೆಯ ವಿಷಯ ಬರೆಯುವುದಿಲ್ಲ. ಈ ಸಲ ಕೂಸು ಉಳಿಯಬೇಕು, ಮಗಳು ಉಳಿಯಬೇಕು. ನಮಾಜಿನಲ್ಲಿ ಬೇರೆ ಏನನ್ನೂ ಕೇಳುವುದನ್ನೇ ಬಿಟ್ಟಿದ್ದೆ.

ಗಲ್ಲಿಯ ಕೊನೆಯಲ್ಲೊಂದು ಸಣ್ಣ ಸರ್ಕಾರಿ ಕ್ಲಿನಿಕ್ ಇದೆ. ಅಲ್ಲಿಯ ಸಿಸ್ಟರ್ ಒಂದು ದಿನ ಮನೆಗೇ ಬಂದು ಮಗಳ ಫೋನಿನಲ್ಲಿ ಏನೋ ಹಾಕಿಕೊಟ್ಟರು. "ವಾರಕ್ಕೊಂದ್ಸಲ ದೊಡ್ಡಾಸ್ಪತ್ರೆ ಡಾಕ್ಟ್ರು ಫೋನಲ್ಲೇ ನೋಡ್ತಾರೆ. ಸಾಲಲ್ಲಿ ನಿಲ್ಲೋ ಕಷ್ಟ ಇಲ್ಲ."

"ಫೋನಲ್ಲಿ ನೋಡೋಕೆ ಇದೇನು ಸೀರಿಯಲ್ಲಾ ಸಿಸ್ಟರ್? ನಾಡಿ ಹಿಡಿಯೋರು ಯಾರು?"

"ಕಾಲ ಬದಲಾಗಿದೆ ಅಜ್ಜಿ."

"ನಾಡಿ ಅಲ್ಲೇ ಇದೆಯಲ್ಲಮ್ಮ, ಮಣಿಕಟ್ಟಲ್ಲಿ!"

ಸಿಸ್ಟರ್ ನಕ್ಕು ಹೋದರು. ಪಕ್ಕದ ಮನೆಯವಳು ಬಂದು ಕಿವಿಯಲ್ಲಿ ಊದಿದಳು: "ಮುಖ ತೋರಿಸ್ಬೇಡಿ ಖಾಲಾ. ಆ ವಿಡಿಯೋ ಎಲ್ಲೆಲ್ಲಿಗೋ ಹೋಗತ್ತಂತೆ." ಹೊರಗೆ ಹೊರಟರೆ ಬುರ್ಖಾ ಹಾಕುವ ಹುಡುಗಿಯನ್ನು ಮನೆಯೊಳಗೇ ಕಾಣದ ಊರಿಗೆಲ್ಲ ತೋರಿಸುವುದೆ? ಅದಕ್ಕೆ ನಾನೊಂದು ಉಪಾಯ ಮಾಡಿದೆ. ಫೋನನ್ನು ಅಕ್ಕಿ ಡಬ್ಬದ ಮೇಲೆ ಅಂಗಾತ ಮಲಗಿಸಿದೆ. ಡಾಕ್ಟ್ರಮ್ಮನಿಗೆ ನಮ್ಮ ಫ್ಯಾನ್ ಮಾತ್ರ ಕಾಣುತ್ತಿತ್ತು.

ಎರಡನೇ ವಾರಕ್ಕೇ ಆಕೆ, "ಅಜ್ಜಿ, ನಿಮ್ಮ ಫ್ಯಾನ್ ಚೆನ್ನಾಗಿ ತಿರುಗ್ತಿದೆ, ಅದಕ್ಕೆ ಮಾತ್ರೆ ಬೇಡ. ಮಗಳು ಹೇಗಿದ್ದಾಳೆ?" ಎಂದರು.

"ಚೆನ್ನಾಗಿದ್ದಾಳೆ ಮೇಡಂ."

ನನ್ನ ತಪ್ಪು ಅಲ್ಲೇ ಇತ್ತು. ಮಗಳು ಪಕ್ಕದಲ್ಲಿ ಕೂತು, "ಅಮ್ಮೀ, ಸರ್ ದುಖ್ರಾ" ಅನ್ನುತ್ತಿದ್ದಳು. ತಲೆ ನೋಯುತ್ತಿದೆ ಎಂದು. ಎಲ್ಲರ ಮಾತನ್ನೂ ಆ ಕಡೆಯಿಂದ ಈ ಕಡೆಗೆ ದಾಟಿಸುವ ನಾನು ಅದೊಂದನ್ನು ದಾಟಿಸಲಿಲ್ಲ. ಫೋನ್ ನೋಡಿ ನೋಡಿ ಬಂದ ತಲೆನೋವು ಎಂದುಕೊಂಡೆ. ಅದೂ ಸುಳ್ಳೇ. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಅವಳ ಮುಖವಂತೂ ದಿನದಿಂದ ದಿನಕ್ಕೆ ತುಂಬಿಕೊಳ್ಳುತ್ತಿತ್ತು. ಬಸಿರಿನ ಕಳೆ ಎಂದುಕೊಂಡು ದೃಷ್ಟಿ ತಾಗದಿರಲೆಂದು ಕಿವಿಯ ಹಿಂದೆ ಕಾಡಿಗೆ ಹಚ್ಚುತ್ತಿದ್ದೆ. ಇಂಥ ಜಾಣೆ ನಾನು!

ಎಂಟನೇ ತಿಂಗಳಿನ ಒಂದು ಬೆಳಗ್ಗೆ, ಡಾಕ್ಟ್ರಮ್ಮ ಫ್ಯಾನಿನ ಜೊತೆ ಮಾತಾಡುತ್ತಿದ್ದಾಗ, ಗಲ್ಲಿಯಲ್ಲಿ ಕೂಗೆದ್ದಿತು: "ನೀರ್ ಬಂತೂ!"

ನಮ್ಮಲ್ಲಿ ಈ ಕೂಗು ಕೇಳಿದರೆ ಊಟಕ್ಕೆ ಕೂತವರೂ ಏಳುತ್ತಾರೆ. ನಾನೂ ಎದ್ದೆ. "ಅಯ್ಯೋ ಮೇಡಂ, ನೀರ್ ಬಂತು! ಆಮೇಲೆ ಮಾತಾಡೋಣ."

"ಆಮೇಲೆ ಏನ್ರೀ! ಯಾವಾಗ ಬಂತು?"

"ಈಗಲೇ ಮೇಡಂ. ಎರಡು ದಿನದಿಂದ ಕಾಯ್ತಿದ್ವಿ."

"ಎರಡು ದಿನದಿಂದಾನಾ? ಬಣ್ಣ ಹೇಗಿದೆ?"

ಎಂಥ ಒಳ್ಳೆಯ ಡಾಕ್ಟರ್, ನಮ್ಮ ಬೀದಿಯ ನೀರಿನ ಬಗ್ಗೆಯೂ ವಿಚಾರಿಸುತ್ತಾರಲ್ಲ ಎಂದು ನನಗೆ ಖುಷಿಯಾಯಿತು. "ಮೊದ್ಲು ಸ್ವಲ್ಪ ಕೆಂಪಗೆ ಬರತ್ತೆ ಮೇಡಂ. ಎರಡು ಬಿಂದಿಗೆ ಹೋದ್ಮೇಲೆ ತಿಳಿಯಾಗತ್ತೆ."

"ಎರಡು ಬಿಂದಿಗೆನಾ!"

"ಹೂಂ ಮೇಡಂ, ಬೇಗ ಹೋಗ್ಬೇಕು, ತಡ ಮಾಡಿದ್ರೆ ನಿಂತೋಗತ್ತೆ."

"ಯಾರೂ ಎಲ್ಲೂ ಹೋಗ್ಬೇಡಿ!" ಆಕೆ ಕಿರುಚಿದ್ದಕ್ಕೆ ಅಕ್ಕಿ ಡಬ್ಬವೇ ನಡುಗಿತೇನೋ. "ಫೋನ್ ಎತ್ತಿ ಮಗಳನ್ನ ತೋರಿಸ್ರೀ, ಈಗಲೇ!"

ಭಯದಲ್ಲಿ ಮುಖದ ಪರದೆಯೂ ಮರೆತುಹೋಯಿತು, ಪಕ್ಕದ ಮನೆಯವಳೂ ಮರೆತುಹೋದಳು. ಫೋನ್ ಎತ್ತಿ ಮಗಳ ಮುಖದ ಮುಂದೆ ಹಿಡಿದೆ. ಅವಳಿಗೆ ಅಷ್ಟು ಕನ್ನಡ ಅರ್ಥವಾಗಿತ್ತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಮ್ಮೀ, ನಲ್ಲಿ ನೀರು ಅಂತ ಹೇಳೇ! ಅವರು ನನ್ನ ಹೆರಿಗೆ ನೀರು ಒಡೀತು ಅಂದ್ಕೊಂಡಿದ್ದಾರೆ!"

"ನಲ್ಲಿ ನೀರು ಮೇಡಂ, ನಲ್ಲಿ ನೀರು!" ಎಂದು ನಾನು ಕೂಗಿದೆ.

ಡಾಕ್ಟ್ರಮ್ಮ ನಗಲು ಶುರುಮಾಡಿದವರು ಫೋನಿನಿಂದಲೇ ಮಾಯ. ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರಂತೆ. ಮತ್ತೆ ಬಂದು ಕಣ್ಣೊರೆಸಿಕೊಂಡರು. ಒರೆಸಿಕೊಂಡ ಕಣ್ಣು ಮಗಳ ಮುಖದ ಮೇಲೆ ನಿಂತಿತು. ನಗು ಅಲ್ಲಿಗೇ ನಿಂತುಹೋಯಿತು.

"ಅಜ್ಜಿ, ಮುಖ ಯಾವಾಗಿಂದ ಹೀಗೆ ಊದ್ಕೊಂಡಿದೆ?"

"ಕಳೆ ಮೇಡಂ" ಎಂದೆ, ಹೆಮ್ಮೆಯಿಂದ.

"ಅವಳ ಮೊಣಕಾಲಿನ ಕೆಳಗೆ ಹೆಬ್ಬೆಟ್ಟಿಂದ ಒತ್ತಿ, ಬಿಡಿ."

ಒತ್ತಿ ಬಿಟ್ಟೆ. ಕಲಸಿದ ಹಿಟ್ಟಿನ ಮೇಲೆ ಬೆರಳಿಟ್ಟಂತೆ ಗುಳಿ ಹಾಗೇ ಉಳಿಯಿತು. ಅದನ್ನು ಫೋನಿಗೆ ತೋರಿಸಿದೆ.

"ತಲೆನೋವಿದೆಯಾ? ಕಣ್ಣು ಮಂಜಾಗತ್ತಾ? ನೀವು ಹೇಳ್ಬೇಡಿ, ಅವಳನ್ನ ಕೇಳಿ. ಅವಳು ಹೇಳಿದ್ದನ್ನ ಹಾಗೇ ನಂಗೆ ಹೇಳಿ."

ಕೇಳಿದೆ. ಮಗಳು ಹೇಳಿದಳು. ಎರಡು ಮೂರು ವಾರದಿಂದ ತಲೆನೋವು, ಎದ್ದರೆ ಕಣ್ಣ ಮುಂದೆ ಮಿಣುಕು. ಒಂದು ಮಾತೂ ಬಿಡದೆ ದಾಟಿಸಿದೆ. ಜೀವನದಲ್ಲಿ ಅಷ್ಟು ಭಾರದ ಕನ್ನಡ ನಾನು ಆಡಿಲ್ಲ.

"ಬಿಪಿ ಏರಿರಬೇಕು. ತಾಯಿಗೂ ಮಗುವಿಗೂ ಅಪಾಯ. ಸಿಸ್ಟರ್ ಹತ್ರ ನೋಡಿಸ್ಕೊಂಡು ನೇರ ಇಲ್ಲಿಗೆ ಬನ್ನಿ. ಸಾಲಲ್ಲಿ ನಿಲ್ಬೇಡಿ, ನಾನು ಹೇಳಿಟ್ಟಿರ್ತೀನಿ."

ಅಳಿಯ ಆಟೋ ಓಡಿಸುತ್ತಾನೆ. ಫೋನ್ ಮಾಡಿದಾಗ ಇಂದಿರಾನಗರದಲ್ಲಿದ್ದ. ಹೇಗೆ ಬಂದನೋ, ಸಿಸ್ಟರ್ ತೋಳಿನ ಪಟ್ಟಿ ಬಿಚ್ಚುವಷ್ಟರಲ್ಲಿ ಕ್ಲಿನಿಕ್ಕಿನ ಮುಂದೆ ಹಾರ್ನ್ ಹೊಡೆಯುತ್ತಿದ್ದ. ಬಿಪಿ ನೋಡಿದ ಸಿಸ್ಟರ್ ತಾವೂ ಆಟೋ ಹತ್ತಿದರು. ದಾರಿಯುದ್ದಕ್ಕೂ ಮಗಳ ಮಣಿಕಟ್ಟು ಹಿಡಿದಿದ್ದರು.

ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿಸಿ, ಮಾತ್ರೆ, ಇಂಜೆಕ್ಷನ್ ಕೊಟ್ಟು, ಹನ್ನೊಂದನೆಯ ದಿನ ಆಪರೇಷನ್ ಮಾಡಿದರು. ಹೊರಗೆ ಬಂದ ಮೊಮ್ಮಗಳು ನನ್ನ ಅಂಗೈಯಿಂದ ಮೊಣಕೈವರೆಗೂ ಬರಲಿಲ್ಲ, ಅಷ್ಟು ಚಿಕ್ಕವಳು! ಆದರೆ ಗಂಟಲು? ಅಬ್ಬಾ! ಕಾರಿಡಾರಿನಲ್ಲಿ ಅವಳ ಜೊತೆ ನಾನೂ ಅತ್ತೆ, ನಕ್ಕೆ, ಯಾರನ್ನೋ ತಬ್ಬಿಕೊಂಡೆ. ಸೆಕ್ಯುರಿಟಿಯವನು, "ಅಜ್ಜಿ, ಇದು ಆಸ್ಪತ್ರೆ, ಶಾದಿಮಹಲ್ ಅಲ್ಲ" ಎಂದ. ಅವನನ್ನೂ ತಬ್ಬಿಕೊಂಡೆ.

ಈಗ ಗಲ್ಲಿಯ ಹೆಂಗಸರು ಫೋನ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ, ಡಾಕ್ಟರ ಜೊತೆ ಮಾತಾಡಿಸಿ ಎಂದು. ವಿಡಿಯೋ ಭಯ ಹುಟ್ಟಿಸಿದ ಪಕ್ಕದ ಮನೆಯವಳೂ ಬಂದಳು, ಮಂಡಿನೋವು. ಎಲ್ಲರಿಗೂ ನನ್ನದು ಒಂದೇ ಷರತ್ತು: ನೀನು ಏನು ಹೇಳಿದರೂ ಹೇಳುತ್ತೇನೆ, ಒಂದಕ್ಷರ ನುಂಗುವುದಿಲ್ಲ. ನಾಚಿಕೆ ಇದ್ದರೆ ಈಗಲೇ ಎದ್ದು ಹೋಗು. ಯಾರೂ ಎದ್ದು ಹೋಗಿಲ್ಲ. ಫೋನಿನ ಡಾಕ್ಟರಿಗೆ ನಾಡಿ ಸಿಗುವುದಿಲ್ಲ ಎಂಬ ನನ್ನ ತಕರಾರು ಈಗಲೂ ಇದೆ, ಅದು ಬೇರೆ ಮಾತು.

ಹೆರಿಗೆಯಾದ ಮೇಲೂ ಮಗಳ ಬಿಪಿ ಬೇಗ ಇಳಿಯಲಿಲ್ಲ. ಸಿಸ್ಟರ್ ಬಂದು ನೋಡಿ ಬರೆದುಕೊಳ್ಳುವುದು, ಡಾಕ್ಟ್ರಮ್ಮ ಫೋನಿನಲ್ಲಿ ಮಾತ್ರೆ ಕಡಿಮೆ ಮಾಡುವುದು, ಹೀಗೆ ನಡೆದಿತ್ತು. ಹೋದ ಶುಕ್ರವಾರ ಆಕೆ ಲೆಕ್ಕವನ್ನೆಲ್ಲ ನೋಡಿ, "ಸಾಕು, ಪೂರ್ತಿ ಸರಿಹೋಗಿದೆ. ಇವತ್ತಿಂದ ಮಾತ್ರೆ ಬೇಡ" ಎಂದರು.

ದಾಟಿಸಲೆಂದು ನಾನು ಮಗಳ ಕಡೆ ತಿರುಗಿದೆ. ಅವಳು ಅಷ್ಟರಲ್ಲೇ ಕೂಸನ್ನು ಎತ್ತಿಕೊಂಡು ಕೋಣೆಯ ತುಂಬ ಸುತ್ತುತ್ತಿದ್ದಳು. ನನಗಾಗಿ ಯಾರೂ ಕಾದಿರಲಿಲ್ಲ. ಕೇಳುವವರಿಲ್ಲದಿದ್ದರೂ ನಾನು ಬಿಡಲಿಲ್ಲ. ಗಟ್ಟಿಯಾಗಿ, ಮೊದಲು ದಖ್ನಿಯಲ್ಲಿ, ಆಮೇಲೆ ಕನ್ನಡದಲ್ಲಿ, ಇನ್ನೊಂದು ಸಲ ದಖ್ನಿಯಲ್ಲಿ ಹೇಳಿದೆ.