ಬಾಗಿಲ ಕಡೆ ಮುಖ ಮಾಡಿದ ಚಪ್ಪಲಿ

ಬೆಳಕು ಇನ್ನೂ ಕಿಟಕಿಯ ಗಾಜಿಗಷ್ಟೇ ತಾಗಿದೆ. ಹೆಂಗಸರ ವಾರ್ಡಿನ ಆಯಾ ಮೊಣಕಾಲೂರಿ ಕುಳಿತು, ಮಂಚದ ಕೆಳಗಿನ ಜೋಡಿ ಚಪ್ಪಲಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ತುದಿ ಬಾಗಿಲ ಕಡೆಗೆ ಬರುವಂತೆ ತಿರುಗಿಸಿಡುತ್ತಾರೆ. ಆಪರೇಷನ್ನಿಗೆ ಹೋಗುವ ಯಾರ ಚಪ್ಪಲಿಯೂ ಗೋಡೆಗೆ ಮುಖ ಮಾಡಬಾರದು; ಇದು ಅವರದೇ ಕಟ್ಟಳೆ. ಡಾಕ್ಟರಿಂದ ಹಿಡಿದು ವಾಚ್‌ಮನ್ ತನಕ ಎಲ್ಲರಿಗೂ ಅವರು ‘ದೊಡ್ಡಮ್ಮ’.

ಇವತ್ತಿನ ಚಪ್ಪಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳದು. ತಿಂಗಳುಗಟ್ಟಲೆ ರಕ್ತ ಹೋಗಿ, ಗೋಡೆ ಹಿಡಿದುಕೊಂಡೇ ಒಳಗೆ ಬಂದವಳು. ಗರ್ಭಕೋಶದ ಒಳಗೆ ಪಾಲಿಪ್, ಅಂದರೆ ಮೆತ್ತನೆಯ ಮಾಂಸದ ಕುಡಿ, ಬೆಳೆದಿದೆ. ಅದನ್ನಷ್ಟೇ ತೆಗೆದರೆ ಸಾಕು ಎಂದಿದ್ದಾರೆ ಡಾಕ್ಟರು. ಮಗು ಬೇಕೆಂಬ ಆಸೆ ಅವಳದು. ಗರ್ಭಕೋಶವನ್ನೇ ತೆಗೆಸಿ ಕೈತೊಳೆದುಕೊಳ್ಳೋಣ ಎಂಬ ಹಟ ಅತ್ತೆಯದು.

“ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೇನಮ್ಮಾ?” ಎನ್ನುತ್ತಾರೆ ದೊಡ್ಡಮ್ಮ, ತಲೆ ಎತ್ತದೆ.

“ನಿಮ್ಮ ಮೂಗು ಮಾತ್ರ ಬಲು ಉದ್ದ. ಕಂಡೋರ ಮನೆಗೆಲ್ಲ ತೂರುತ್ತೆ,” ಎಂದು ಅತ್ತೆ ಕುಟುಕುತ್ತಾರೆ. ಆದರೂ ಗರ್ಭಕೋಶ ತೆಗೆಸುವ ಮಾತನ್ನು ಮತ್ತೆ ಎತ್ತುವುದಿಲ್ಲ.

ದೊಡ್ಡಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಅಕ್ಕನಿಗೂ ಇದೇ ಕಾಯಿಲೆ. ಒಳಗೆ ಇಣುಕಿ ನೋಡುವ ದುರ್ಬೀನು ಇಲ್ಲಿ ಆಗ ಇರಲಿಲ್ಲ. ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರು. ಅಕ್ಕ ಉಳಿದಳು, ಮಗುವಿಗೆಂದು ಎತ್ತಿಟ್ಟಿದ್ದ ಹೆಸರು ಹಾಗೆಯೇ ಉಳಿಯಿತು. ದಿನಗಟ್ಟಲೆ ಮಂಚದ ಕೆಳಗೆ ಧೂಳು ತಿಂದ ಅವಳ ಚಪ್ಪಲಿಯನ್ನು ಒರೆಸಿ ಬಾಗಿಲ ಕಡೆ ತಿರುಗಿಸಿದ್ದರಿಂದಲೇ ಈ ಕಟ್ಟಳೆ ಶುರುವಾಯಿತು.

ಆದರೂ ಆ ಕಾಲವನ್ನು ನೆನೆದರೆ ದೊಡ್ಡಮ್ಮನ ದನಿ ಮೆತ್ತಗಾಗುತ್ತದೆ. ವಾರ್ಡೇ ಒಂದು ಮನೆಯಾಗಿತ್ತು. ಒಬ್ಬರ ತಲೆ ಇನ್ನೊಬ್ಬರು ಬಾಚುತ್ತಿದ್ದರು. ಸಂಜೆ ಮೂಲೆಯ ಮಂಚದ ಅಜ್ಜಿ ಪದ್ಯ ಹೇಳತೊಡಗಿದರೆ ನರಳುವವರೂ ಕಿವಿಗೊಡುತ್ತಿದ್ದರು.

“ಈಗ ಬೆಳಿಗ್ಗೆ ಬಂದು ಸಂಜೆಗೆ ಮನೆ. ಮುಖ ನೆನಪಿಟ್ಕೊಳ್ಳೋಷ್ಟರಲ್ಲಿ ಮಂಚ ಖಾಲಿ. ಒಳ್ಳೇದೇ ಬಿಡಿ. ಆದ್ರೆ ಆ ಪದ್ಯ ಪೂರ್ತಿ ಕಲೀಬೇಕಿತ್ತು.”

ಕುಡಿಯನ್ನಷ್ಟೇ ತೆಗೆಸಿಕೊಂಡ ಹೊಲಿಗೆಯವಳೂ ಸಂಜೆಗೇ ಹೊರಡುತ್ತಾಳೆ. ತೆಗೆದ ತುಣುಕು ಪರೀಕ್ಷೆಗೆ ಹೋಗಿದೆ. ಅದು ಕೆಟ್ಟ ಗಡ್ಡೆಯೋ ಅಲ್ಲವೋ ತಿಳಿಯುವ ತನಕ ದೊಡ್ಡಮ್ಮನ ಬಾಯಲ್ಲಿ ಅದೇ ಅರ್ಧ ಪದ್ಯ.

ಕೆಲವು ವಾರ ಕಳೆದು ಅವಳು ತೋರಿಸಿಕೊಳ್ಳಲು ಬರುತ್ತಾಳೆ, ಒಬ್ಬಳೇ. ಕೆಟ್ಟದ್ದೇನೂ ಇಲ್ಲ, ರಕ್ತವೂ ಹತೋಟಿಗೆ ಬಂದಿದೆ. ಮಗುವಿನ ಆಸೆಗೆ ಅಡ್ಡಿಯಿಲ್ಲ, ಕುಡಿ ಮತ್ತೆ ಚಿಗುರಿದರೆ ಮಾತ್ರ ತಡಮಾಡಬೇಡ ಎನ್ನುತ್ತಾರೆ ಡಾಕ್ಟರು. ಅವಳು ಹೊರಗೆ ಬರುವಾಗ ನೆಲ ಒರೆಸುತ್ತಿರುವ ದೊಡ್ಡಮ್ಮ ಬಕೆಟ್ಟು ಪಕ್ಕಕ್ಕೆಳೆದು ದಾರಿ ಬಿಡುತ್ತಾರೆ. ಅವಳು ದಾಟಿ ಹೋಗುತ್ತಾಳೆ.

“ನನ್ನ ಗುರುತು ಹಿಡೀಲಿಲ್ಲ,” ಎಂದು ದೊಡ್ಡಮ್ಮ ಪಕ್ಕದಲ್ಲಿದ್ದ ನರ್ಸಿನ ಕಡೆ ತಿರುಗಿ ನಗುತ್ತಾರೆ. “ಅವಳ ನಡಿಗೆ ನೋಡಿದ್ರಾ? ಗೋಡೆ ಮುಟ್ಟಲೇ ಇಲ್ಲ.”