ಹೆಣ್ಣಿನ ಕಡೆಯ ಮಾಸ್ಟರು

ಗೋವಿಂದರಾಯರು ಮನುಷ್ಯರಿಗಿಂತ ಮೊದಲು ಅವರ ಬಟ್ಟೆಯನ್ನು ಮಾತಾಡಿಸುತ್ತಿದ್ದರು. ಎದುರಿಗೆ ಸಿಕ್ಕವರ ಅಂಗಿಯ ತುದಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, ಆಮೇಲೆ ‘ಆರಾಮೇನ್ರಿ?’ ಎನ್ನುವುದು. ನನ್ನ ಮದುವೆಗೆ ಬಂದಾಗಲೂ ಅಕ್ಷತೆ ಹಾಕುವುದನ್ನು ಬಿಟ್ಟು ನನ್ನ ಪಂಚೆಯ ಅಂಚು ಹಿಡಿದು, ‘ಇದು ನಮ್ಮ ಮಿಲ್ಲಿಂದಲ್ಲ’ ಎಂದು ಮುಖ ಸಣ್ಣದು ಮಾಡಿಕೊಂಡಿದ್ದರು.

ಹುಬ್ಬಳ್ಳಿಯಿಂದ ಅಹಮದಾಬಾದಿಗೆ ಬಂದು ನಮ್ಮ ಮಿಲ್ಲಿನಲ್ಲಿ ನೇಯ್ಗೆ ವಿಭಾಗದ ಮಾಸ್ಟರಾಗಿದ್ದರು. ಮೈಸೂರಿನಿಂದ ಬಂದ ನಾನು ಅದೇ ಮಿಲ್ಲಿನ ಆಫೀಸಿನಲ್ಲಿ ಟೈಪಿಸ್ಟ್. ಅವರ ಬಾಯಲ್ಲಿ ನನ್ನ ಹೆಸರೇ ‘ಮೈಸೂರು’. ಅವರ ಗುಜರಾತಿಯೂ ಹುಬ್ಬಳ್ಳಿಯ ರಾಗದಲ್ಲೇ ಇರುತ್ತಿತ್ತು. ಮಗ್ಗದವರಿಗೆ ಅದು ಹೇಗೋ ಅರ್ಥವಾಗುತ್ತಿತ್ತು, ನನಗೆ ಆಗುತ್ತಿರಲಿಲ್ಲ.

ಅರವತ್ತರ ದಶಕದ ನಡುವೆ, ನಮ್ಮ ಬಟ್ಟೆ ಹೋಗುತ್ತಿದ್ದ ಆಫ್ರಿಕಾದ ಪೇಟೆಗೆ ಜಪಾನಿನ ಅಗ್ಗದ ಬಟ್ಟೆ ನುಗ್ಗಿತು. ನಮ್ಮ ಸೇಠರು ಒಬ್ಬರೇ ತಾಳಲಾರದೆ, ಮಿಲ್ಲನ್ನು ರಸ್ತೆಯಾಚೆಯ ದೊಡ್ಡ ಮಿಲ್ಲಿಗೆ ಸೇರಿಸಲು ಒಪ್ಪಿದರು. ಒಪ್ಪಂದದ ದಿನ ಎಲ್ಲರಿಗೂ ಬೆಲ್ಲ, ಕೊತ್ತಂಬರಿ ಬೀಜ ಹಂಚಿದರು. ಗುಜರಾತಿಗಳು ಮದುವೆ ನಿಶ್ಚಯವಾದಾಗ ಹಂಚುವುದೂ ಅದನ್ನೇ. ರಾಯರಿಗೆ ಅಷ್ಟೇ ಸಾಕಾಯಿತು. ‘ನಾವು ಹೆಣ್ಣಿನ ಕಡಿಯವ್ರಾದ್ವಿ ಮೈಸೂರು. ಇನ್ನ ತಗ್ಗಿ ನಡೀಬೇಕು’ ಎಂದರು. ಆಚೆ ಮಿಲ್ಲಿನ ಮಾಸ್ಟರ್ ನಟುಭಾಯಿಯನ್ನು ಅಂದಿನಿಂದ ‘ಬೀಗರು’ ಎಂದೇ ಕರೆದರು.

ಆದರೆ ಎಲ್ಲವೂ ತಮಾಷೆಯಾಗಿರಲಿಲ್ಲ. ಎರಡು ಮಿಲ್ಲಿಗೂ ಇನ್ನು ಒಬ್ಬರೇ ಮಾಸ್ಟರು. ನಮ್ಮ ನೇಕಾರರಲ್ಲಿ ಯಾರು ಉಳಿಯಬೇಕು, ಯಾರು ಮನೆಗೆ ಹೋಗಬೇಕು ಎಂದು ಹೇಳುವವರೂ ಅವರೇ. ಹಿರಿಯರೆಂದು ಆ ಕುರ್ಚಿಯನ್ನು ರಾಯರಿಗೇ ಕೊಡುವುದಾಗಿ ಹೊಸ ಸೇಠರು ಹೇಳಿಕಳಿಸಿದರು. ನಮಗೆಲ್ಲ ಹೋದ ಜೀವ ಬಂದಂತಾಯಿತು. ರಾಯರು ಮಾತ್ರ ಹೆಂಡತಿಯಿಂದ ಹೋಳಿಗೆ ಮಾಡಿಸಿ, ಡಬ್ಬಿಯನ್ನು ನನ್ನ ಕೈಗಿಟ್ಟು, ನಟುಭಾಯಿಯ ಮನೆಗೆ ಹೊರಟರು.

ಉಯ್ಯಾಲೆ ಮೇಲೆ ಕೂತಿದ್ದ ನಟುಭಾಯಿ ಗಾಬರಿಯಿಂದ ಎದ್ದರು. ರಾಯರು ತಮ್ಮ ಗುಜರಾತಿಯಲ್ಲಿ, ಕುರ್ಚಿ ನಿಮಗೇ ಇರಲಿ, ನಾನು ನಿಮ್ಮ ಕೈಕೆಳಗಿರುತ್ತೇನೆ, ನಮ್ಮ ಹುಡುಗರನ್ನು ಮಾತ್ರ ಮನೆಯವರಂತೆ ನೋಡಿಕೊಳ್ಳಿ ಎಂದರು. ಅದೊಂದು ನನಗೂ ಅರ್ಥವಾಯಿತು. ನಟುಭಾಯಿ ನನ್ನ ಕೈಯಿಂದ ಹೋಳಿಗೆಯ ಡಬ್ಬಿ ತೆಗೆದುಕೊಂಡರು. ಆಮೇಲೆ ‘ವೇವಾಯಿ, ಮೊದಲು ಕೂತುಕೊಳ್ಳಿ’ ಎಂದು ಉಯ್ಯಾಲೆಯಲ್ಲಿ ಜಾಗ ಬಿಟ್ಟರು. ಬೀಗರಿಗೆ ಅವರಲ್ಲಿ ಹಾಗೆನ್ನುತ್ತಾರೆ.

ವಾಪಸು ಬರುವ ದಾರಿಯಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. ‘ಕೈಗೆ ಬಂದಿದ್ದನ್ನ ಬಿಟ್ಟುಕೊಟ್ರಲ್ಲ ರಾಯರೇ?’

‘ಆ ಕುರ್ಚ್ಯಾಗ ನಾ ಕುಂತು ಉಳಿಸಿದ್ರ, ತನ್ನ ಮಂದೀನ್ನ ಉಳಿಸಿಕೊಂಡ ಅಂತಾರ. ನಾಳಿ ಒಬ್ಬೊಬ್ಬರನ್ನ ಕಿತ್ತೊಗೀತಾರ. ಅವ್ರೇ ಉಳಿಸಿದ್ರ ಯಾರು ಬಾಯಿ ತಗೀತಾರ್ರಿ?’

ಆ ಕುರ್ಚಿಗೆ ಬಂದ ನಟುಭಾಯಿ ಹೊಸ ಸೇಠರೊಂದಿಗೆ ವಾದಿಸಿ ಇನ್ನೊಂದು ಪಾಳಿ ಶುರು ಮಾಡಿಸಿದರು. ನಮ್ಮವರು ಒಬ್ಬರೂ ಮನೆಗೆ ಹೋಗಲಿಲ್ಲ. ರಾಯರು ತಮಗಿಂತ ಕಿರಿಯರ ಕೈಕೆಳಗೆ ಹಾಯಾಗಿದ್ದರು. ಬೀಗರ ಮನೆಯ ಸಿಹಿ ಬೇಳೆಸಾರನ್ನು ಬೈಯುವುದು, ಅದನ್ನೇ ಎರಡೆರಡು ಸಲ ಹಾಕಿಸಿಕೊಳ್ಳುವುದು. ಅವರನ್ನು ನೋಡಿದಾಗೆಲ್ಲ ನನಗೆ ಖುಷಿಯಾಗುತ್ತಿತ್ತು.

ನಿವೃತ್ತರಾಗಿ ಊರಿಗೆ ಹೊರಟ ದಿನ ಸ್ಟೇಷನ್ನಿನಲ್ಲಿ ನೇಕಾರರು ತುಂಬಿದ್ದರು. ರಾಯರು ರೈಲಿನ ಕಿಟಕಿಯಿಂದ ನನ್ನನ್ನು ಹತ್ತಿರ ಕರೆದರು.

‘ಇವರಾಗ ಆಚಿ ಮಿಲ್ಲಿನವ್ರು ಯಾರು, ಹೇಳ್ರಿ ನೋಡೋಣು.’

ಉದ್ದಕ್ಕೂ ಕಣ್ಣಾಡಿಸಿದೆ. ಹೇಳಲಾಗಲಿಲ್ಲ.

‘ನನಗೂ ಗೊತ್ತಾಗವಲ್ದು’ ಎಂದು ನಕ್ಕು, ಒಳಗೆ ಸರಿದು ಆರಾಮಾಗಿ ಕೂತರು. ಆಮೇಲೆ ನಾನು ಅವರನ್ನು ನೋಡಲಿಲ್ಲ.